ಎರಡನೇ ತಂಡದ ಆ್ಯಸಿಡ್

ರಸಾಯನಶಾಸ್ತ್ರದಲ್ಲಿ ಮಕ್ಕಳು ಕೇಳುವ ಪ್ರಶ್ನೆಗಳು ಬಹಳೇನಿಲ್ಲ. ವರ್ಷ ಬದಲಾಗುತ್ತದೆ, ಮುಖಗಳು ಬದಲಾಗುತ್ತವೆ, ಅಕ್ಕ ಕೇಳಿ ಹೋದದ್ದನ್ನೇ ತಂಗಿ ಬಂದು ಹೊಸದೆಂಬಂತೆ ಕೇಳುತ್ತಾಳೆ. ನೈಜೀರಿಯಾದ ಎಕಿಟಿಯ ಗುಡ್ಡಗಳ ನಡುವಿನ ಓಕೆಬೆಡು ಊರಿನ ಶಾಲೆಯಲ್ಲಿ ದೊಡ್ಡ ತರಗತಿಗಳಿಗೆ ಆ ಪಾಠ ಹೇಳುತ್ತಿದ್ದ ಮೊರೊಂಕೆ ಡುರೊಡೊಲಾ ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದಳು. ಶುಕ್ರವಾರ ಶಾಲೆ ಬಿಟ್ಟ ಮೇಲೆ ಉಳಿದ ಟೀಚರುಗಳು ಚೀಲ ಎತ್ತಿಕೊಂಡು ಬಾಡಿಗೆ ಮೋಟರ್ ಸೈಕಲ್ಲಿಗಾಗಿ ಗೇಟಿನಲ್ಲಿ ಕಾಯುತ್ತಿದ್ದರೆ, ಇವಳು ಲ್ಯಾಬಿನ ಹೊರಗಿನ ಬಾದಾಮಿ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದಳು. ಯಾರು ಏನು ಬೇಕಾದರೂ ಕೇಳಬಹುದು. ದಡ್ಡ ಪ್ರಶ್ನೆ ಎಂದು ನಕ್ಕವರಿಗೆ ಮಾತ್ರ ಶಿಕ್ಷೆ, ಅವತ್ತಿನ ಗಾಜಿನ ಸಾಮಾನನ್ನೆಲ್ಲ ತೊಳೆಯಬೇಕು.

ಮೋಲ್ ಅಂದರೆ ಏನು ಎಂಬುದು ಪ್ರತಿ ವರ್ಷದ ಮೊದಲ ಪ್ರಶ್ನೆ. ಅದಕ್ಕೆ ಅವಳು, ಮಾರ್ಕೆಟ್ಟಿನಲ್ಲಿ ಅಕ್ಕಿಯನ್ನು ಕಾಳೆಣಿಸಿ ಕೊಳ್ಳುತ್ತೀರೋ ಬಟ್ಟಲಲ್ಲಿ ಅಳೆದು ಕೊಳ್ಳುತ್ತೀರೋ ಎಂದು ತಿರುಗಿ ಕೇಳುತ್ತಿದ್ದಳು. ಬಟ್ಟಲಲ್ಲಿ ಎಂದರೆ, ಮೋಲೂ ಅಂಥದೇ ಒಂದು ಬಟ್ಟಲು, ಕಾಳು ಸಣ್ಣವು ಅಷ್ಟೇ ಎನ್ನುವಳು. ಬ್ಯುರೆಟ್ಟಿಗೆ, ಅಂದರೆ ಗೀಟು ಹಾಕಿದ ಆ ಉದ್ದನೆಯ ಗಾಜಿನ ಕೊಳವೆಗೆ, ಆ್ಯಸಿಡ್ ತುಂಬುವ ಮೊದಲು ಅದೇ ಆ್ಯಸಿಡ್ಡಿನಿಂದ ಅದನ್ನು ಯಾಕೆ ತೊಳೆಯಬೇಕು, ನೀರಿನಲ್ಲಿ ತೊಳೆದರೆ ಸಾಲದೇ ಎಂಬುದು ಎರಡನೆಯದು. ಗಂಜಿ ಬಟ್ಟಲನ್ನು ತೊಳೆದು, ತಳದಲ್ಲಿ ನೀರು ಉಳಿದಿರುವಾಗಲೇ ಗಂಜಿ ಹಾಕಿಸಿಕೊಂಡರೆ ತೆಳ್ಳಗಾಗುವುದಿಲ್ಲವೇ ಎಂದು ಕೇಳಿದರೆ ಎಂಥ ಮೊದ್ದು ತಲೆಗೂ ಹೋಗುತ್ತಿತ್ತು. ಆಮೇಲೆ ಬರುವುದು ಮಕ್ಕಳು ದನಿ ತಗ್ಗಿಸಿ ಕೇಳುವ ಪ್ರಶ್ನೆ. ನನ್ನ ಅಳತೆ ಪಕ್ಕದವರ ಅಳತೆಯ ಹಾಗೆ ಬರದಿದ್ದರೆ ಏನು ಮಾಡಲಿ, ಅಮ್ಮ? ಆ ಊರಲ್ಲಿ ಟೀಚರನ್ನು ಅಮ್ಮ ಎಂದೇ ಕರೆಯುವುದು. ಅಮ್ಮನ ಉತ್ತರವೂ ಸಿದ್ಧವಾಗಿರುತ್ತಿತ್ತು. ಅವಳ ಬ್ಯುರೆಟ್ ಅವಳು ಓದಲಿ, ನಿನ್ನದು ನೀನು ಓದು, ಕಂಡದ್ದನ್ನು ಬರಿ.

ಅರಿನೊಲಾ ಎಂಬ ಹುಡುಗಿ ಈ ಮರದ ಕೆಳಗೆ ಎರಡು ವರ್ಷ ಕೂತಿದ್ದಳು. ಉಳಿದವರಿಗೆ ಒಂದೇ ವರ್ಷ ಸಾಕಾಗಿತ್ತು, ಇವಳಿಗೆ ಮಾತ್ರ ಹೋದ ಸಲ ಪರೀಕ್ಷೆಯಲ್ಲಿ ರಸಾಯನಶಾಸ್ತ್ರ ಒಂದು ಕೈಕೊಟ್ಟಿತ್ತು. ಬುದ್ಧಿವಂತೆ ಎಂದು ಯಾರೂ ಅವಳನ್ನು ಕರೆದವರಲ್ಲ. ಸಮೀಕರಣ ಎಂದರೆ ಬೆವರುತ್ತಿದ್ದಳು, ಲೆಕ್ಕವನ್ನು ಬೆರಳಲ್ಲಿ ಮಾಡುತ್ತಿದ್ದಳು. ಆದರೆ ಕೈ ಮಾತ್ರ ಬಲು ಚೆನ್ನಾಗಿತ್ತು. ಅವಳ ತಾಯಿ ಬಸ್ ನಿಲ್ದಾಣದಲ್ಲಿ ಅಕರಾ ವಡೆ ಕರಿಯುತ್ತಿದ್ದಳು, ಅಲಸಂದೆ ಹಿಟ್ಟನ್ನು ಕಾದ ಎಣ್ಣೆಗೆ ಒಂದೇ ಗಾತ್ರದಲ್ಲಿ ಇಳಿಬಿಡುವ ಆ ಹದ ಮಗಳ ಕೈಗೂ ಹುಟ್ಟಿನಿಂದಲೇ ಬಂದಿರಬೇಕು. ಬ್ಯುರೆಟ್ಟಿನ ತಿರುಪು ಅವಳ ಬೆರಳಿನಲ್ಲಿದ್ದರೆ ಹನಿ ಅವಳು ಹೇಳಿದ ಹಾಗೆ ಕೇಳುತ್ತಿತ್ತು. ಫ್ಲಾಸ್ಕಿನ ಹಳದಿ ಬಣ್ಣ ಕಿತ್ತಳೆಗೆ ತಿರುಗುವ ಆ ಒಂದು ಹನಿಗೆ ಸರಿಯಾಗಿ ನಿಲ್ಲಿಸುತ್ತಿದ್ದಳು. ಅದನ್ನು ನೋಡುವಾಗೆಲ್ಲ ಮೊರೊಂಕೆಗೆ ಹೊಟ್ಟೆ ತಣ್ಣಗಾಗುತ್ತಿತ್ತು.

ನರ್ಸಿಂಗ್ ಶಾಲೆಯವರು ಅರಿನೊಲಾಳನ್ನು ಮಾತಾಡಿಸಿ ನೋಡಿ, ರಸಾಯನಶಾಸ್ತ್ರ ಒಂದು ಒಳ್ಳೆಯ ದರ್ಜೆಯಲ್ಲಿ ಪಾಸು ಮಾಡಿಕೊಂಡು ಬಾ, ಜಾಗ ಕೊಡುತ್ತೇವೆ ಎಂದಿದ್ದರು. ತಾಯಿ ತನ್ನ ತೀರ್ಮಾನವನ್ನೂ ಹೇಳಿಬಿಟ್ಟಿದ್ದಳು. ಇದು ಕೊನೆಯ ಸಲ, ಇದೂ ಹೋದರೆ ಮೂರನೆಯ ಸಲ ಎಂಬುದಿಲ್ಲ, ಅತ್ತೆಯ ಹತ್ತಿರ ಜಡೆ ಹೆಣೆಯುವ ಕೆಲಸ ಕಲಿಯಲಿ. ಬರೆಯುವ ಪರೀಕ್ಷೆಯಲ್ಲಿ ಹುಡುಗಿ ಹೇಗೋ ದಡ ಮುಟ್ಟುತ್ತಾಳೆ, ಮೇಲಕ್ಕೆ ಎತ್ತಬೇಕಾದ್ದು ಲ್ಯಾಬಿನ ಪರೀಕ್ಷೆಯೇ ಎಂದು ಟೀಚರಿಗೂ ಗೊತ್ತಿತ್ತು, ಹುಡುಗಿಗೂ ಗೊತ್ತಿತ್ತು.

ಲ್ಯಾಬಿನ ಪರೀಕ್ಷೆಗೆ ಒಂದು ಪದ್ಧತಿಯಿದೆ. ಎಲ್ಲೋ ದೂರದಲ್ಲಿ ಕೂತ ಪರೀಕ್ಷಾ ಮಂಡಳಿಯವರಿಗೆ ಈ ಶಾಲೆಯ ಆ್ಯಸಿಡ್ ಎಷ್ಟು ಖಾರವಾಗಿತ್ತು ಎಂದು ಹೇಗೆ ಗೊತ್ತಾಗಬೇಕು? ಅದಕ್ಕೇ ಮಕ್ಕಳು ಲ್ಯಾಬಿನಲ್ಲಿ ಮಾಡುವಾಗ ಟೀಚರು ಹಿಂದಿನ ಕೋಣೆಯಲ್ಲಿ ಅದೇ ಆ್ಯಸಿಡ್ಡು, ಫ್ಲಾಸ್ಕಿಗೆ ಅದೇ ಸೋಡಾ ಕರಗಿಸಿದ ನೀರು ಇಟ್ಟುಕೊಂಡು ತಾನೂ ಮಾಡಬೇಕು. ಬಣ್ಣ ತಿರುಗಲು ಎಷ್ಟು ಮಿಲಿಲೀಟರ್ ಆ್ಯಸಿಡ್ ಹಿಡಿಯಿತು ಎಂಬ ಅಳತೆಯನ್ನು ಬರೆದು, ಸಹಿ ಹಾಕಿ, ಬೇರೆ ಊರಿನಿಂದ ಬಂದ ಮೇಲ್ವಿಚಾರಕನ ಕೈಗೆ ಕೊಡಬೇಕು. ಅದು ಲಕೋಟೆಯೊಳಗೆ ಹೋಗುತ್ತದೆ. ಟೀಚರಿನ ಅಳತೆಗೆ ಹತ್ತಿರ ಬಂದ ಮಗುವಿಗೆ ಪೂರ್ತಿ ಅಂಕ, ದೂರ ಸರಿದ ಹಾಗೆಲ್ಲ ಕಡಿತ, ಬಹಳ ದೂರ ಹೋದರೆ ಸೊನ್ನೆ. ನ್ಯಾಯವಾದ ಪದ್ಧತಿಯೇ. ಟೀಚರೊಬ್ಬಳು ತಪ್ಪಬಾರದು, ಅಷ್ಟೇ.

ಅವತ್ತು ಬೆಳಿಗ್ಗೆ ಎಲ್ಲ ಚೆನ್ನಾಗಿಯೇ ಇತ್ತು. ಶಾಲೆಯಲ್ಲಿ ಇದ್ದ ಬ್ಯುರೆಟ್ಟುಗಳು ಅರ್ಧ ಮಕ್ಕಳಿಗೆ ಸಾಕಾಗುತ್ತಿದ್ದರಿಂದ ಎರಡು ತಂಡ ಮಾಡಿದ್ದರು, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಅರಿನೊಲಾ ಮಧ್ಯಾಹ್ನದವರಲ್ಲಿ. ಆ್ಯಸಿಡ್ಡನ್ನು ಮೊರೊಂಕೆ ಹಿಂದಿನ ದಿನವೇ ಗೀಟು ಹಾಕಿದ ಗಾಜಿನ ಫ್ಲಾಸ್ಕಿನಲ್ಲಿ ಒಂದೊಂದು ಲೀಟರಾಗಿ ಅಳೆದು ಎರಡೂ ತಂಡಕ್ಕೆ ಆಗುವಷ್ಟು ಮಾಡಿಟ್ಟಿದ್ದಳು. ಬೆಳಗಿನ ತಂಡ ಮಾಡುತ್ತಿದ್ದಾಗ ಹಿಂದಿನ ಕೋಣೆಯಲ್ಲಿ ಅವಳಿಗೆ ಇಪ್ಪತ್ತನಾಲ್ಕೂವರೆ ಬಂತು. ಎರಡನೆಯ ಸಲವೂ ಅಷ್ಟೇ. ಬರೆದು ಕೊಟ್ಟಳು.

ಮೇಲ್ವಿಚಾರಕ ಒಗುಂಟಾದೆ ಪಕ್ಕದ ಊರಿನ ಶಾಲೆಯ ಭೂಗೋಳದ ಟೀಚರು. ಎತ್ತರದ ಆಳು, ಇಸ್ತ್ರಿ ಮಾಡಿದ ಟೋಪಿ, ಯಾರ ಮೇಲೂ ರೇಗದ ಮುಖ. ರಸಾಯನಶಾಸ್ತ್ರದ ಗಂಧ ಇಲ್ಲದಿದ್ದರೂ ಪರೀಕ್ಷಾ ಮಂಡಳಿಯ ಸ್ವಭಾವ ಅಂಗೈ ಗೆರೆಯ ಹಾಗೆ ಗೊತ್ತಿತ್ತು. ಅವಳ ಚೀಟಿಯನ್ನು ಲಕೋಟೆಗೆ ಹಾಕಿ ಅಂಟಿಸಿ ಮೇಲೆ ಸಹಿ ಎಳೆದ.

ಕೆಟ್ಟದ್ದು ಒಳ್ಳೆಯ ಪಾಠದಿಂದಲೇ. ಬ್ಯುರೆಟ್ಟನ್ನು ಆ್ಯಸಿಡ್ಡಿನಿಂದಲೇ ತೊಳೆಯಿರಿ ಎಂದು ಅಮ್ಮ ಮರದ ಕೆಳಗೆ ಹೇಳಿ ಹೇಳಿ ತಲೆಗೆ ತುಂಬಿದ್ದಳಲ್ಲ, ಬೆಳಗಿನ ಮಕ್ಕಳು ಭಕ್ತಿಯಿಂದ ತೊಳೆದರು. ಒಂದು ಸಲ ಸಾಕಾದಲ್ಲಿ ಮೂರು ಮೂರು ಸಲ ತೊಳೆದು ತೊಟ್ಟಿಗೆ ಚೆಲ್ಲಿದರು. ಅವರು ಎದ್ದು ಹೋದ ಮೇಲೆ ನೋಡಿದರೆ ಆ್ಯಸಿಡ್ಡಿನ ಪಾತ್ರೆಯ ತಳ ಕಾಣುತ್ತಿತ್ತು. ಮಧ್ಯಾಹ್ನದ ತಂಡ ಆಗಲೇ ವೆರಾಂಡದಲ್ಲಿ ಸಾಲು ನಿಂತಿತ್ತು. ಲೀಟರು ಲೀಟರಾಗಿ ಅಳೆಯುತ್ತ ಕೂರಲು ಹೊತ್ತೆಲ್ಲಿ? ಅವಳು ಅಟೆಂಡರನ್ನು ಓಡಿಸಿ, ಗೇಟಿನಲ್ಲಿ ಊಟ ಮಾರುವವಳ ಹತ್ತಿರ ಇದ್ದ ಐದು ಲೀಟರಿನ ಎಣ್ಣೆ ಕ್ಯಾನೊಂದನ್ನು ತರಿಸಿದಳು. ಸೋಪು ಹಾಕಿ ತೊಳೆಸಿದಳು, ಬಟ್ಟಿ ನೀರಿನಲ್ಲಿ ಜಾಲಿಸಿದಳು, ಒಂದಿಷ್ಟು ನೀರಿಗೆ ಐದು ಲೀಟರಿಗೆ ಎಷ್ಟು ಬೇಕೋ ಅಷ್ಟು ಗಟ್ಟಿ ಆ್ಯಸಿಡ್ಡನ್ನು ಅಳೆದು ಹಾಕಿ ಕುತ್ತಿಗೆಯವರೆಗೂ ಮತ್ತೆ ನೀರು ತುಂಬಿಸಿ ಅಲ್ಲಾಡಿಸಿದಳು. ಎಲ್ಲ ಮಾಡಿದಳು, ಕ್ಯಾನಿನ ಬುಡ ತಿರುಗಿಸಿ ನೋಡುವುದೊಂದನ್ನು ಬಿಟ್ಟು.

ನೈಜೀರಿಯಾದ ಯಾವ ಮಾರ್ಕೆಟ್ಟಿನಲ್ಲಿ ಕೇಳಿದರೂ ಹೆಂಗಸರು ಹೇಳುತ್ತಾರೆ, ಎಣ್ಣೆ ಕೊಳ್ಳುವ ಮೊದಲು ಕ್ಯಾನಿನ ಬುಡ ನೋಡು ಎಂದು. ಅಲ್ಲಿನ ಕೆಲವು ಎಣ್ಣೆ ವ್ಯಾಪಾರಿಗಳ ಕೈಚಳಕ ಅದು. ಖಾಲಿ ಕ್ಯಾನಿಗೆ ಕುದಿಯುವ ನೀರು ಹೊಯ್ದು, ಪ್ಲಾಸ್ಟಿಕ್ ಮೆತ್ತಗಾದಾಗ ಬುಡವನ್ನು ಒನಕೆಯಿಂದ ಒಳಕ್ಕೆ ಒತ್ತಿಬಿಡುತ್ತಾರೆ. ಹೊರಗಿನಿಂದ ಐದು ಲೀಟರಿನ ಕ್ಯಾನೇ, ಒಳಗೆ ಹಿಡಿಯುವುದು ನಾಲ್ಕು. ಮೊರೊಂಕೆಯೇ ಅಂಥ ಕ್ಯಾನನ್ನು ಎಷ್ಟೋ ಸಲ ಮಾರುವವಳ ಮುಖಕ್ಕೆ ಹಿಡಿದು ಜಗಳವಾಡಿದ್ದಾಳೆ. ಮಾರ್ಕೆಟ್ಟಿನಲ್ಲಿ ಚುರುಕಾಗಿರುತ್ತಿದ್ದ ಆ ಬುದ್ಧಿ ಲ್ಯಾಬಿಗೆ ಬರುವಾಗ ಮನೆಯಲ್ಲೇ ಉಳಿದಿತ್ತು.

ಹೊಸ ಆ್ಯಸಿಡ್ಡಿಗೆ ಹೊಸದಾಗಿ ಅಳತೆ ನೋಡಬೇಕೇ ಎಂಬ ಮಾತು ಬಂದಿತ್ತು. ಒಗುಂಟಾದೆಯೇ ಕೇಳಿದ. ಅದೇ ಆ್ಯಸಿಡ್ಡು, ಅದೇ ಲೆಕ್ಕ, ಅದೇ ಅಳತೆ ಬರುತ್ತದೆ ಬಿಡಿ ಎಂದವಳು ಅವಳೇ.

ಬೆಳಗಿನ ತಂಡವನ್ನು ಸಭಾಂಗಣದಲ್ಲಿ ಕೂಡಿ ಬೀಗ ಹಾಕಿ, ಮಧ್ಯಾಹ್ನದವರು ಲ್ಯಾಬಿನೊಳಗೆ ಕೂತ ಮೇಲೆಯೇ ಬಿಡಬೇಕು ಎಂಬ ನಿಯಮವಿದೆ. ಕೂಡಿದರು, ಬೀಗವನ್ನೂ ಹಾಕಿದರು. ಆದರೆ ಲ್ಯಾಬಿನಿಂದ ಸಭಾಂಗಣಕ್ಕೆ ಹೋಗುವ ವೆರಾಂಡದಲ್ಲಿ ಎರಡು ಸಾಲುಗಳೂ ಎದುರು ಬದುರಾಗಲೇಬೇಕು. ಒಬ್ಬ ಹುಡುಗ ಬೆವರು ಒರೆಸಿಕೊಳ್ಳುವ ನೆಪದಲ್ಲಿ ಹಣೆಯ ಮೇಲೆ ಎರಡು ಬೆರಳಿಟ್ಟ, ಆಮೇಲೆ ನಾಲ್ಕು, ಆಮೇಲೆ ಇಡೀ ಅಂಗೈ. ಇಪ್ಪತ್ತನಾಲ್ಕು ಪಾಯಿಂಟ್ ಐದು ಎಂದು ತಿಳಿಯಲು ಅಷ್ಟು ಸಾಕಾಯಿತು. ಹಿಂದೆ ನಿಂತಿದ್ದ ಅರಿನೊಲಾಗೂ ಅದು ತಲುಪಿತು, ಪಕ್ಕದ ಫೆಹಿಂಟಿ ಕಿವಿಯಲ್ಲಿ ಹೇಳಿದಳಂತೆ.

ಮೊರೊಂಕೆಗೆ ಇದೊಂದೂ ಗೊತ್ತಿರಲಿಲ್ಲ. ಅವಳು ಮಕ್ಕಳ ಬೆಂಚುಗಳ ನಡುವೆ ಬಟ್ಟಿ ನೀರಿನ ಬಾಟಲಿ ಹಿಡಿದು ಓಡಾಡುತ್ತಿದ್ದಳು. ಪರೀಕ್ಷೆಯಲ್ಲಿ ಅವಳ ಕೆಲಸ ಅಷ್ಟೇ. ಒಡೆದ ಗಾಜು ಬದಲಾಯಿಸಬಹುದು, ಮುಗಿದ ನೀರು ಹಾಕಬಹುದು, ಬಾಯಿ ಬಿಡುವಂತಿಲ್ಲ. ಅರಿನೊಲಾ ಒಂದು ಸಲ ಮಾಡಿ ಮುಗಿಸಿದಳು. ಬ್ಯುರೆಟ್ಟಿನ ಗೀಟಿಗೆ ಕಣ್ಣು ಸಮನಾಗಿ ಹಿಡಿದು ಓದಿದಳು, ಹುಬ್ಬು ಗಂಟಿಕ್ಕಿದಳು, ಎಲ್ಲವನ್ನೂ ಚೆಲ್ಲಿ ಮತ್ತೆ ತುಂಬಿಕೊಂಡಳು. ಎರಡನೆಯ ಸಲ ಮುಗಿಸಿ ಇನ್ನೂ ಹೆಚ್ಚು ಗಂಟಿಕ್ಕಿದಳು. ಮೂರನೆಯದನ್ನು ಮಾಡಿ ಕೈ ಎತ್ತಿದಳು.

"ಅಮ್ಮ, ನನ್ನ ಅಳತೆ ಉಳಿದೋರ ಥರ ಬರ್ಲಿಲ್ಲ ಅಂದ್ರೆ?"

ಮರದ ಕೆಳಗೆ ಕೇಳಿದ್ದರೆ ಪ್ರಶ್ನೆ ಮುಗಿಯುವುದರೊಳಗೆ ಉತ್ತರ ಹೊರಟಿರುತ್ತಿತ್ತು. ಮೊರೊಂಕೆಯ ಬಾಯಿ ಅರ್ಧ ತೆರೆದದ್ದೂ ನಿಜ. ಅಷ್ಟರಲ್ಲಿ ಒಗುಂಟಾದೆ ಮುಂದಿನ ಮೇಜಿನಿಂದಲೇ, ಪ್ರಶ್ನೆ ಕೇಳೋ ಹಾಗಿಲ್ಲ ಮಗಳೇ, ಕೂತ್ಕೋ ಎಂದ. ಹುಡುಗಿ ಕೂತಳು, ಕಣ್ಣು ಮಾತ್ರ ಟೀಚರನ್ನು ಬಿಡಲಿಲ್ಲ. ಆಗ ಮೊರೊಂಕೆ ಅವಳ ಬ್ಯುರೆಟ್ಟನ್ನು ನೋಡಿದಳು. ಹತ್ತೊಂಬತ್ತು ದಾಟಿ ಇಪ್ಪತ್ತು ಮುಟ್ಟದೆ ನಿಂತಿತ್ತು. ಕೆಳಗಿನ ಫ್ಲಾಸ್ಕಿನಲ್ಲಿ ತೆಳುವಾದ, ಚೆಂದದ ಕಿತ್ತಳೆ ಬಣ್ಣ.

ತಲೆಯೆತ್ತಿ ಉಳಿದ ಬೆಂಚುಗಳತ್ತ ನೋಡಿದಳು. ಒಂದೊಂದು ಬ್ಯುರೆಟ್ಟೂ ಇಪ್ಪತ್ತನಾಲ್ಕೂವರೆಯಲ್ಲಿ ಶಿಸ್ತಾಗಿ ನಿಂತಿತ್ತು. ಒಂದೊಂದು ಫ್ಲಾಸ್ಕೂ ಜೋಬೊ ಶರಬತ್ತಿನಷ್ಟು ಕೆಂಪಾಗಿತ್ತು. ಬಣ್ಣ ತಿರುಗಿ ಎಷ್ಟೋ ಹೊತ್ತಾಗಿದ್ದರೂ ಮಕ್ಕಳು ತಿರುಪು ಬಿಟ್ಟುಕೊಂಡೇ ಹೋಗಿದ್ದರು, ಆ ಅಂಕಿ ಬರುವವರೆಗೂ. ಒಬ್ಬ ಹುಡುಗ ಅವಳ ಕಣ್ಣೆದುರಿಗೇ ಕಡು ಕೆಂಪಾದ ಫ್ಲಾಸ್ಕಿಗೆ ಇನ್ನೂ ಹನಿ ಹನಿಯಾಗಿ ಬಿಡುತ್ತ, ಗೀಟು ಸೇರಿತೇ ಎಂದು ಬಗ್ಗಿ ನೋಡುತ್ತಿದ್ದ. ಎಷ್ಟು ಶ್ರದ್ಧೆ ಅಂತೀರಿ.

ಅವಳು ಹಿಂದಿನ ಕೋಣೆಗೆ ಹೋಗಿ ಕ್ಯಾನಿನಲ್ಲಿ ಉಳಿದ ಆ್ಯಸಿಡ್ಡನ್ನು ಬ್ಯುರೆಟ್ಟಿಗೆ ತುಂಬಿದಳು. ಬಂದದ್ದು ಹತ್ತೊಂಬತ್ತು ಪಾಯಿಂಟ್ ಆರು. ಮತ್ತೆ ಮಾಡಿದಳು, ಅದೇ. ಕ್ಯಾನನ್ನು ಎತ್ತಿ ಬುಡ ನೋಡಿದಳು. ಒಳಕ್ಕೆ ಒತ್ತಿದ ಜಾಗ ಅವಳ ಮುಷ್ಟಿ ಹಿಡಿಯುವಷ್ಟು ಆಳವಾಗಿತ್ತು. ಐದರಲ್ಲಿ ಒಂದು ಪಾಲು ನೀರು ಕಡಿಮೆ, ಆ್ಯಸಿಡ್ ಅಷ್ಟು ಹೆಚ್ಚು ಖಾರ, ಅಳತೆಯಲ್ಲೂ ಐದರಲ್ಲಿ ಒಂದು ಪಾಲು ಕಡಿಮೆ. ಲೆಕ್ಕ ಎಷ್ಟು ಸರಿಯಾಗಿ ಕೂತಿತೆಂದರೆ ಅವಳಿಗೆ ಅಳು ಬಂತು. ಆ ಇಡೀ ಲ್ಯಾಬಿನಲ್ಲಿ ಸರಿಯಾಗಿ ಮಾಡಿದವಳು ಒಬ್ಬಳೇ, ಸೊನ್ನೆ ಸಿಗುವುದೂ ಅವಳೊಬ್ಬಳಿಗೇ.

ಒಗುಂಟಾದೆಯನ್ನು ಒಳಕ್ಕೆ ಕರೆದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಪ್ಪು ನನ್ನದು, ಮಧ್ಯಾಹ್ನದ ತಂಡಕ್ಕೆ ಬೇರೆ ಅಳತೆ ಬರೆದು ಕೊಡುತ್ತೇನೆ, ಕ್ಯಾನಿನ ವಿಷಯವನ್ನೂ ಬರೆಯುತ್ತೇನೆ, ಬೇಕಾದರೆ ನನ್ನನ್ನು ಕೆಲಸದಿಂದ ತೆಗೆಯಲಿ ಎಂದಳು. ಅವನು ಕ್ಯಾನಿನ ಬುಡಕ್ಕೆ ಬೆರಳು ಹಾಕಿ ನೋಡಿದ. ಬಾಗಿಲ ಸಂದಿಯಿಂದ ಲ್ಯಾಬನ್ನೂ ನೋಡಿದ, ಬಹಳ ಹೊತ್ತು.

"ಬರೆದು ಕೊಡಿ ಮೇಡಂ, ಬೇಡ ಅನ್ನಲ್ಲ. ಆದ್ರೆ ಈ ಆ್ಯಸಿಡ್ಡಿಗೆ ಅಷ್ಟೂ ಜನಕ್ಕೆ ಇಪ್ಪತ್ನಾಲ್ಕೂವರೆ ಹೆಂಗೆ ಬಂತು ಅಂತ ಮಂಡಳಿಯೋರು ಕೇಳ್ತಾರಲ್ಲ, ಅವಾಗ ಏನನ್ನೋಣ? ಎಲ್ಲಾ ಮಕ್ಕಳ ಕಣ್ಣಿಗೂ ಒಟ್ಟಿಗೇ ಪೊರೆ ಬಂತು ಅನ್ನೋಣ್ವಾ?"

ಅವಳು ಅಲ್ಲಿಯವರೆಗೂ ಯೋಚಿಸಿರಲಿಲ್ಲ. ಅವನು ಒಂದೊಂದಾಗಿ ಬಿಡಿಸಿ ಹೇಳಿದ. ಹೊಸ ಅಳತೆ ಕಾಗದದ ಮೇಲೆ ಬಂದ ಗಳಿಗೆಯೇ ಇವರೆಲ್ಲ ನಕಲು ಮಾಡಿದ್ದು ಹಗಲಿನಷ್ಟು ಸ್ಪಷ್ಟ. ಎಲ್ಲಿಂದ ನಕಲು? ಬೆಳಗಿನ ತಂಡದಿಂದ. ಅಂದಮೇಲೆ ಅವರೂ ಹೋದರು. ಇಡೀ ಶಾಲೆಯ ಫಲಿತಾಂಶ ತಡೆ ಹಿಡಿಯುತ್ತಾರೆ, ಆಮೇಲೆ ಪರೀಕ್ಷಾ ಕೇಂದ್ರವನ್ನೇ ಕಿತ್ತುಕೊಳ್ಳುತ್ತಾರೆ. ಮೇಲ್ವಿಚಾರಕನಾದ ತನ್ನ ಕೆಲಸಕ್ಕೂ ಕುತ್ತು ಬರುತ್ತದೆ ಎಂಬ ಮಾತನ್ನು ಅವನು ಆಡಲಿಲ್ಲ, ಅದು ಅವಳಿಗೇ ಹೊಳೆಯಿತು.

"ಅವಳು ಸರಿಯಾಗಿ ಮಾಡಿದ್ದಾಳೆ ಸಾರ್," ಎಂದಳು ಮೊರೊಂಕೆ.

"ಗೊತ್ತು ಮೇಡಂ. ಕಷ್ಟ ಇರೋದೇ ಅಲ್ಲಿ."

ಹೊರಗೆ ಮೋಡ ಕಟ್ಟುತ್ತಿತ್ತು. ಒಬ್ಬಳನ್ನು ಉಳಿಸಬೇಕಾದರೆ ಅಷ್ಟೂ ಮಕ್ಕಳನ್ನು ಹಿಡಿದು ಕೊಡಬೇಕು. ಅವರೇನು ಕಳ್ಳರೇ? ಒಬ್ಬನ ತಂದೆ ಲಾರಿ ಅಪಘಾತದಲ್ಲಿ ಕಾಲು ಕಳಕೊಂಡವನು, ಒಬ್ಬಳು ಮೂರು ಮೈಲಿ ನಡೆದು ಬರುವವಳು, ಫೆಹಿಂಟಿಯ ಮನೆಯಲ್ಲಿ ಇಷ್ಟು ಓದಿದವರು ಅವಳಿಗಿಂತ ಹಿಂದೆ ಯಾರೂ ಇಲ್ಲ. ಅವರೂ ಮರದ ಕೆಳಗೆ ಕೂತು ಪ್ರಶ್ನೆ ಕೇಳಿದವರೇ. ಬಿಟ್ಟರೆ ಅರಿನೊಲಾ ಹೋಗುತ್ತಾಳೆ. ಮೊರೊಂಕೆಗೆ ತನ್ನ ಮೇಲೆ ಬಂದ ಸಿಟ್ಟಿಗೆ ಆ ಕ್ಯಾನನ್ನು ನೆಲಕ್ಕೆ ಅಪ್ಪಳಿಸಬೇಕು ಅನ್ನಿಸಿತು, ಅಪ್ಪಳಿಸಿದರೆ ಸದ್ದಾಗುತ್ತದೆ ಎಂದು ಮೆಲ್ಲಗೆ ಕೆಳಗಿಟ್ಟಳು.

ಒಗುಂಟಾದೆ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ನಾನು ವೆರಾಂಡಕ್ಕೆ ಹೋಗಿ ಮಳೆ ಬರುತ್ತಾ ನೋಡ್ತೀನಿ. ವಾಪಸ್ ಬರೋದ್ರೊಳಗೆ ನೀವು ಏನು ಮಾತಾಡಿದ್ರೂ ನಂಗೆ ಕೇಳ್ಸಿರಲ್ಲ. ಆ ಹುಡುಗಿ ಇನ್ನೂ ಪೆನ್ನು ಕೆಳಗಿಟ್ಟಿಲ್ಲ."

ಅವನು ಹೇಳಿದ್ದು ಅರ್ಥವಾಗಲು ಅವಳಿಗೆ ಕೊಂಚ ಹೊತ್ತು ಬೇಕಾಯಿತು. ಅರ್ಥವಾದಾಗ ಅವಮಾನವೂ ಆಯಿತು, ಆಸೆಯೂ ಆಯಿತು. ಆಸೆಯೇ ಗೆದ್ದಿತು. ಬಾಗಿಲು ತೆರೆದು ನೀರಿನ ಬಾಟಲಿ ಹಿಡಿದು ಹೊರಟಳು. ಇಷ್ಟು ವರ್ಷ ಮಕ್ಕಳಿಗೆ ಸುಳ್ಳು ಉತ್ತರ ಕೊಟ್ಟವಳಲ್ಲ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ, ನೋಡಿಕೊಂಡು ಬಂದು ಹೇಳುತ್ತೇನೆ ಎನ್ನುತ್ತಿದ್ದಳು. ಈಗ ಗೊತ್ತಿದ್ದೂ ಗೊತ್ತಿದ್ದೂ, ಕಣ್ಣಾರೆ ಕಂಡದ್ದನ್ನು ಹೊಡೆದು ಹಾಕು ಎಂದು ಒಂದು ಮಗುವಿಗೆ ಹೇಳಲು ಹೋಗುತ್ತಿದ್ದಳು, ಅದೂ ಆ ಮಗುವಿನ ಒಳ್ಳೆಯದಕ್ಕೆ.

ಅರಿನೊಲಾ ಮತ್ತು ಫೆಹಿಂಟಿ ಒಂದೇ ಬೆಂಚಿನ ಎರಡು ತುದಿಗಳಲ್ಲಿದ್ದರು. ಮೊರೊಂಕೆ ಇಬ್ಬರ ನಡುವೆ ಬಂದು, ಬೆಂಚಿನ ಮೇಲಿದ್ದ ನೀರಿನ ಬಾಟಲಿಗೆ ತನ್ನ ಬಾಟಲಿಯಿಂದ ನೀರು ಹೊಯ್ಯುವವಳ ಹಾಗೆ ಬಗ್ಗಿದಳು.

"ಇಪ್ಪತ್ನಾಲ್ಕೂವರೆ ಅಂತ ಬರಿ," ಎಂದಳು ಪಿಸುದನಿಯಲ್ಲಿ, ಬಾಟಲಿಯಿಂದ ಕಣ್ಣೆತ್ತದೆ.

ಫೆಹಿಂಟಿ ಗಾಬರಿಯಾಗಿ ನೋಡಿದಳು. ಅವಳು ಅದನ್ನು ಬರೆದು ಎಷ್ಟೋ ಹೊತ್ತಾಗಿತ್ತು. ಅರಿನೊಲಾ ತಲೆಯೆತ್ತಲಿಲ್ಲ, ಕುತ್ತಿಗೆ ಮಾತ್ರ ಒಂದಿಷ್ಟು ಬಿಗಿಯಾಯಿತು. ಮರುಕ್ಷಣವೇ ಅವಳ ಪೆನ್ನು ಓಡತೊಡಗಿತು. ಹಾಳೆಯ ಮೇಲೆ ಏನು ಬೀಳುತ್ತಿದೆ ಎಂದು ಇಣುಕುವ ಧೈರ್ಯ ಮೊರೊಂಕೆಗೆ ಇರಲಿಲ್ಲ. ಬರೆಯುತ್ತಿದ್ದಾಳೆ, ಅಷ್ಟು ಸಾಕು ಎಂದುಕೊಂಡು ಹಿಂದಿನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕುಸಿದಳು. ಬಂದದ್ದು ನೆಮ್ಮದಿ. ಇಂಥದಕ್ಕೆ ನೆಮ್ಮದಿಯಾಯಿತಲ್ಲ ಎಂದು ಅವಳಿಗೇ ಹೇಸಿಗೆಯೂ ಆಯಿತು.

ಹೊತ್ತು ಮುಗಿದಾಗ ಒಗುಂಟಾದೆ ಉತ್ತರ ಹಾಳೆಗಳನ್ನು ಮಕ್ಕಳ ಕೈಯಿಂದ ತಾನೇ ತೆಗೆದುಕೊಂಡ, ಬೋರಲು ಜೋಡಿಸಿಕೊಂಡ. ಟೀಚರು ಅವನ್ನು ಮುಟ್ಟುವ ಹಾಗಿಲ್ಲ, ನೋಡುವ ಹಾಗೂ ಇಲ್ಲ. ಆಮೇಲೆ ವರದಿಯ ಹಾಳೆಯನ್ನು ಅವಳ ಮುಂದಿಟ್ಟ. ಪರೀಕ್ಷೆಯಲ್ಲಿ ಹೇಳಬೇಕಾದ ವಿಶೇಷವೇನಾದರೂ ಇದ್ದರೆ ಟೀಚರು ಬರೆಯಲೆಂದು ಅದರಲ್ಲಿ ಅಗಲವಾದ ಜಾಗ ಬಿಟ್ಟಿರುತ್ತಾರೆ. ಪೆನ್ನನ್ನು ಅವಳ ಕಡೆ ಸರಿಸಿದ.

ಅರಿನೊಲಾ ಹತ್ತೊಂಬತ್ತು ಪಾಯಿಂಟ್ ಆರು ಎಂದೇ ಬರೆದಿದ್ದಿದ್ದರೆ ಮೊರೊಂಕೆ ಆ ಜಾಗದಲ್ಲಿ ಎಲ್ಲವನ್ನೂ ಬರೆದುಬಿಡುತ್ತಿದ್ದಳೋ ಏನೋ. ಆಗಬಹುದಿತ್ತು. ಅವಳಿಗೇ ಖಾತ್ರಿಯಿಲ್ಲ. ಆದರೆ ಈಗ ಬರೆದು ಯಾರಿಗೆ ಉಪಕಾರ? ಹೇಗೂ ಎಲ್ಲರ ಹಾಳೆಯಲ್ಲೂ ಒಂದೇ ಅಂಕಿ. ಬರೆದರೆ ಎಲ್ಲರ ಜೊತೆ ಅರಿನೊಲಾಳೂ ಮುಳುಗುತ್ತಾಳೆ. ಮೊರೊಂಕೆ ವಿಶೇಷ ಏನೂ ಇಲ್ಲ ಎಂದು ಬರೆದು ಸಹಿ ಹಾಕಿದಳು. ಒಗುಂಟಾದೆ ಎಲ್ಲವನ್ನೂ ಚೀಲಕ್ಕೆ ಹಾಕಿ ಅರಗು ಒತ್ತಿದ. ಮಳೆ ಬರುವ ಮೊದಲು ಜಿಲ್ಲೆಯ ಕಚೇರಿ ಮುಟ್ಟಬೇಕು ಎಂದು ಹೊರಗೆ ಕಾಯುತ್ತಿದ್ದ ಕಾರು ಹತ್ತಿದ. ಹೋಗುವಾಗ, ದೇವರು ಎಲ್ಲರಿಗೂ ಒಳ್ಳೇದು ಮಾಡಲಿ ಮೇಡಂ ಎಂದ. ಅವನ ದನಿಯಲ್ಲಿ ನಂಬಿಕೆಯೇನೂ ಇರಲಿಲ್ಲ.

ಮಕ್ಕಳು ಕೇಕೆ ಹಾಕುತ್ತ ಗೇಟಿನತ್ತ ಓಡಿದ್ದರು. ಮೊರೊಂಕೆ ಬ್ಯುರೆಟ್ಟುಗಳನ್ನು ಒಂದೊಂದಾಗಿ ಖಾಲಿ ಮಾಡುತ್ತಿದ್ದಳು. ಬಾಗಿಲಲ್ಲಿ ಅರಿನೊಲಾ ಬಂದು ನಿಂತು, ಅಲ್ಲಿನ ಹೆಣ್ಣುಮಕ್ಕಳು ಹಿರಿಯರಿಗೆ ಮಾಡುವ ಹಾಗೆ ಮೊಣಕಾಲೂರಿ ವಂದಿಸಿದಳು. ಮುಖ ಅರಳಿತ್ತು. ಹೋದ ವರ್ಷ ಇದೇ ಹೊತ್ತಿಗೆ ಅತ್ತು ಊದಿಕೊಂಡಿದ್ದ ಮುಖ ಅದು. ಮೂರು ಸಲವೂ ಒಂದೇ ಅಳತೆ ಬಂತು ಎಂದಳು, ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ ಎಂದಳು, ಇಷ್ಟು ಚೆನ್ನಾಗಿ ಲ್ಯಾಬಿನ ಅಭ್ಯಾಸದಲ್ಲೂ ಯಾವತ್ತೂ ಆಗಿರಲಿಲ್ಲ ಎಂದಳು.

ಮೊರೊಂಕೆ ಕೈಯಲ್ಲಿದ್ದ ಬ್ಯುರೆಟ್ಟನ್ನು ಬೆಂಚಿನ ಮೇಲಿಟ್ಟಳು. "ಏನಂತ ಬರೆದೆ?"

"ಹತ್ತೊಂಬತ್ತು ಪಾಯಿಂಟ್ ಆರು, ಅಮ್ಮ."

ಲ್ಯಾಬಿನ ತಗಡಿನ ಮಾಡಿನ ಮೇಲೆ ಮೊದಲ ಹನಿಗಳು ಬಿದ್ದವು. ಕಾರು ಇಷ್ಟು ಹೊತ್ತಿಗೆ ಗುಡ್ಡ ಇಳಿದಿರುತ್ತದೆ. ಇಳಿಯದಿದ್ದರೂ ಏನು, ಚೀಲಕ್ಕೆ ಅರಗು ಬಿದ್ದಾಗಿದೆ, ಒಳಗೆ ವಿಶೇಷ ಏನೂ ಇಲ್ಲ ಎಂಬ ಹಾಳೆಯ ಮೇಲೆ ಮೊರೊಂಕೆಯದೇ ಸಹಿ ಇದೆ.

"ನಾನು ನಿನ್ನ ಹತ್ರ ಬಂದು ಒಂದು ಮಾತು ಹೇಳಿದ್ನಲ್ಲೇ. ಕೇಳಿಸ್ಲಿಲ್ವಾ?"

ಹುಡುಗಿ ತಲೆ ತಗ್ಗಿಸಿದಳು. ಯಾರದೋ ಗುಟ್ಟನ್ನು ಕೇಳಿಸಿಕೊಂಡು ಸಿಕ್ಕಿಬಿದ್ದವಳ ಹಾಗೆ ಅವಳಿಗೇ ನಾಚಿಕೆಯಾಗಿತ್ತು. "ಕೇಳಿಸ್ತು ಅಮ್ಮ. ಫೆಹಿಂಟಿಗೆ ಹೇಳ್ತಿದ್ದೀರಿ ಅಂದ್ಕೊಂಡೆ. ಪಾಪ, ಅವಳಿಗೆ ಬರಲ್ಲ, ಅದಕ್ಕೆ ಅಂತ. ನಾನು ಯಾರ ಹತ್ರಾನೂ ಹೇಳಲ್ಲ. ನಂಗೆ ನೀವು ಹಂಗೆ ಹೇಳ್ತೀರಾ?"

ಹುಡುಗಿ ಉತ್ತರಕ್ಕೆ ಕಾಯಲಿಲ್ಲ, ಅದು ಉತ್ತರ ಬೇಕಾದ ಪ್ರಶ್ನೆಯೇ ಆಗಿರಲಿಲ್ಲ. ಅವಳಿಗೆ ಬೇಕಾದದ್ದು ಇನ್ನೊಂದು. ಎಲ್ಲ ಮಕ್ಕಳೂ ಪರೀಕ್ಷೆ ಮುಗಿದ ಮೇಲೆ ಬಂದು ಕೇಳುವುದು ಅದನ್ನೇ.

"ನನ್ನ ಅಳತೆ ಸರಿ ಇದೆ ಅಲ್ವಾ, ಅಮ್ಮ?"

"ಸರಿ ಇದೆ ಕಣೆ," ಎಂದಳು ಮೊರೊಂಕೆ. "ನಿನ್ನದೇ ಸರಿ."

ಅರಿನೊಲಾ ಇನ್ನೊಂದು ಸಲ ಮೊಣಕಾಲೂರಿ, ಎದ್ದು, ಪರೀಕ್ಷೆಯ ಹಲಗೆಯನ್ನು ಮಳೆಗೆ ಅಡ್ಡವಾಗಿ ತಲೆಯ ಮೇಲೆ ಹಿಡಿದುಕೊಂಡು, ತಾಯಿಗೆ ಹೇಳಲು ಬಸ್ ನಿಲ್ದಾಣದ ಕಡೆಗೆ ಓಡಿದಳು.